ಮಟ್ಟ ಚಮಚದ ಬೆಣ್ಣೆ

ಹೋಟೆಲಿನವರು ಜನರ ಆರೋಗ್ಯ ಹಾಳು ಮಾಡುತ್ತಾರೆ ಎಂದು ಯಾರಾದರೂ ನನ್ನೆದುರು ಹೇಳಿದರೆ ಸುಮ್ಮನೆ ಕೇಳಿಸಿಕೊಂಡು ಬರುವವಳು ನಾನಲ್ಲ. ದಾವಣಗೆರೆ ಬಸ್ ನಿಲ್ದಾಣದ ಹತ್ತಿರದ ಒಂದು ಹೋಟೆಲಿನಲ್ಲಿ ಮೂವತ್ತೊಂದು ವರ್ಷ ದುಡಿದು ಹೋದ ವರ್ಷ ಕೆಲಸ ಬಿಟ್ಟವಳು. ಅದರಲ್ಲಿ ಬಹುಪಾಲು ವರ್ಷ ಬೆಣ್ಣೆದೋಸೆ ಹುಯ್ದೆ. ಮೊನ್ನೆ ನಮ್ಮ ದೇವರಾಜ ಅರಸು ಬಡಾವಣೆಯಲ್ಲಿ ಆರೋಗ್ಯದ ಮೇಲೆ ಒಂದು ಭಾಷಣವಿತ್ತು. ಭಾಷಣಕ್ಕೆ ಬಂದವರು ಹೊರಗಿನ ತಿಂಡಿ ಬಿಡಿ, ಮನೆಯಲ್ಲೇ ಮಾಡಿಕೊಂಡು ತಿನ್ನಿ ಎಂದು ಹತ್ತು ಸಲ ಹೇಳಿದರು. ನಾನು ಎದ್ದು ನಿಂತೆ.

"ಐದು ಗಂಟೆಗೆ ಡ್ಯೂಟಿಗೆ ಹೋಗೋರು ಯಾವಾಗ ಮಾಡ್ಕಂಡು ತಿನ್ಬೇಕ್ರಿ?"

"ಹಿಂದಿನ ದಿನಾನೇ ಮಾಡಿಟ್ಕೊಳ್ಳಿ ಅಮ್ಮಾ" ಎಂದು ಅವರು ನಕ್ಕರು.

"ಮಾಡಿಡೋರು ಯಾರ್ರಿ?" ಎಂದೆ. ಅಷ್ಟರಲ್ಲಿ ಯಾರೋ ವಂದನಾರ್ಪಣೆ ಶುರು ಮಾಡಿಬಿಟ್ಟರು. ಆ ಸಿಟ್ಟಿನಲ್ಲೇ ಮನೆಗೆ ಬಂದು ಇದನ್ನು ಬರೆಯಲು ಕುಳಿತೆ. ಈಗ ಅಡುಗೆಯ ಕೋರ್ಸ್ ಮುಗಿಸಿ, ಬಿಳಿ ಟೋಪಿ ಹಾಕಿಕೊಂಡು ಹೋಟೆಲಿಗೆ ಸೇರುವ ಮಕ್ಕಳಿದ್ದಾರಲ್ಲ, ಅವರು ಇದನ್ನು ಓದಲಿ. ನನಗೆ ಯಾವಾಗ ಸಂಬಳ ಏರಿತು, ಯಾರು ಶಾಲು ಹೊದಿಸಿದರು ಎಂಬುದು ಇದರಲ್ಲಿ ಇಲ್ಲ. ನಾನು ಮಾಡಿದ ದೊಡ್ಡ ತಪ್ಪೊಂದು ಇದೆ. ಅದಕ್ಕೆ ಬರುವ ಮೊದಲು ಕೆಲಸ ಹೇಗಿತ್ತು ಎಂದು ಸ್ವಲ್ಪ ಹೇಳಬೇಕು.

ನಾನು ಹತ್ತಿರದ ಹದಡಿ ಎಂಬ ಹಳ್ಳಿಯ ಒಕ್ಕಲು ಮನೆಯ ಮಗಳು. ಮದುವೆಯಾಗಿ ದಾವಣಗೆರೆಗೆ ಬಂದೆ. ಗಂಡ ದುಡಿಯುತ್ತಿದ್ದ ಗಿರಣಿ ನಿಂತ ಮೇಲೆ ಹೋಟೆಲಿನ ಹಿಂಬದಿಯಲ್ಲಿ ಆಲೂಗಡ್ಡೆ ಸುಲಿಯಲು ಸೇರಿಕೊಂಡೆ. ಚಟ್ನಿ ರುಬ್ಬಿದೆ, ಪಲ್ಯ ಮಾಡಿದೆ, ದೋಸೆ ಹಿಟ್ಟಿಗೆ ಮಂಡಕ್ಕಿ ನೆನೆಹಾಕಿದೆ. ಮುಂದೆ ಕಾವಲಿಯ ಹತ್ತಿರ ಮುರಿಗೆಪ್ಪ ಎಂಬ ದೋಸೆ ಮಾಸ್ತರು ನಿಲ್ಲುತ್ತಿದ್ದರು. ಒಂದು ದಿನ ಅವರಿಗೆ ಜ್ವರ ಬಂತು. ಗಿರಾಕಿಗಳು ಬಾಗಿಲಿನವರೆಗೆ ನಿಂತಿದ್ದರು. ಯಜಮಾನರಾದ ಸೋಮಣ್ಣನವರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ನಾನು ಹುಯ್ಯುತ್ತೇನೆ ಎಂದೆ.

"ಹೆಣ್ಮಗಳು ಮುಂದೆ ನಿಂತ್ರೆ ಜನ ಏನಂತಾರೆ ರತ್ನಮ್ಮ?"

"ಹಸಿ ಆದ್ರೆ ಹಸಿ ಅಂತಾರೆ, ಸೀದ್ರೆ ಸೀದೈತೆ ಅಂತಾರೆ. ಇನ್ನೇನಂತಾರ್ರಿ?"

ಮೊದಲ ಏಳು ದೋಸೆ ಹರಿದವು. ಎಂಟನೆಯದು ಎದ್ದು ಬಂತು. ಮರುದಿನ ಮುರಿಗೆಪ್ಪನವರು ಬಂದು ಪಕ್ಕಕ್ಕಿಟ್ಟಿದ್ದ ಹರಕು ದೋಸೆ ನೋಡಿ, "ಹೆದರಿ ಹುಯ್ದೀಯ. ಕಾವಲಿಗೆ ಅದು ಗೊತ್ತಾಗುತ್ತೆ" ಎಂದರು. ಆಮೇಲೆ ಅವರೇ ಕಲಿಸಿದರು. ನೀರು ಚಿಮುಕಿಸಿದಾಗ ಬರುವ ಸದ್ದಿನಿಂದಲೇ ಕಾವು ತಿಳಿಯುವುದು, ಪೊರಕೆಯಿಂದ ಒಮ್ಮೆಗೇ ಗುಡಿಸುವುದು, ಸೌಟನ್ನು ಒತ್ತದೆ ತಿರುಗಿಸುವುದು. ಅವರ ಬೈಗುಳ ತಿನ್ನದೆ ಕಲಿತವರು ಯಾರೂ ಇಲ್ಲ. ನನಗೆ ಬೈದಷ್ಟು ಬೇರೆ ಯಾರಿಗೂ ಬೈದಿರಲಿಕ್ಕಿಲ್ಲ.

ಬೆಣ್ಣೆಯ ವಿಷಯವನ್ನೂ ಅವರೇ ಹೇಳಿಕೊಟ್ಟರು. ನಮ್ಮ ದೋಸೆಗೆ ಬೆಣ್ಣೆ ಮೂರು ಸಲ ಬೀಳುತ್ತದೆ. ಹಿಟ್ಟು ಹರಡಿದ ಮೇಲೆ ಸುತ್ತ ಒಂದು ಸಲ, ಮಗುಚುವ ಮೊದಲು ಒಂದು ಸಲ, ತಟ್ಟೆಗೆ ಬಂದ ಮೇಲೆ ನೆತ್ತಿಯ ಮೇಲೊಂದು ಮುದ್ದೆ. ಇವು ಎಲ್ಲರಿಗೂ. ನಾಲ್ಕನೆಯದೊಂದಿದೆ. ಅದನ್ನು ನಮ್ಮ ಹೋಟೆಲಿನಲ್ಲಿ ಕೈಬೆಣ್ಣೆ ಎನ್ನುತ್ತಿದ್ದೆವು. ದಿನವೂ ಬರುವ, ನಮ್ಮವರು ಎನಿಸಿದ ಗಿರಾಕಿಗೆ, ಅವರು ಕೇಳದೆಯೇ, ನೀರಿನ ಪಾತ್ರೆಯಲ್ಲಿ ತೇಲುವ ಬೆಣ್ಣೆಯನ್ನು ಮೂರು ಬೆರಳಲ್ಲಿ ಕಿತ್ತು ಪಲ್ಯದ ಅಡಿಗೆ ಸೇರಿಸಿಬಿಡುವುದು. ಗಿರಾಕಿ ಪಲ್ಯ ಮುರಿದಾಗ ಅದು ಕರಗಿ ಹೊರಗೆ ಬರಬೇಕು, ಅವನು ತಲೆ ಎತ್ತಿ ನಮ್ಮ ಕಡೆ ನೋಡಬೇಕು. ನಾವು ಮಾತ್ರ ನೋಡದವರ ಹಾಗೆ ಮುಂದಿನ ದೋಸೆ ಹುಯ್ಯಬೇಕು.

"ಮೂರು ಸಲದ ಬೆಣ್ಣೆ ಯಜಮಾನ್ರದ್ದು. ಕೈಬೆಣ್ಣೆ ನಿಂದು. ಮುಖ ನೋಡಿ ಹಾಕು" ಎನ್ನುತ್ತಿದ್ದರು ಮುರಿಗೆಪ್ಪನವರು. ನಾನು ಮುಖ ನೋಡಿ ಹಾಕುವುದನ್ನು ಕಲಿತೆ. ಯಾರಿಗೆ ಮನೆಯಲ್ಲಿ ಜಗಳವಾಗಿದೆ, ಯಾರ ಮಗಳ ಮದುವೆ ಕೂಡಿಬಂದಿದೆ ಎಂದು ಮುಖದಲ್ಲೇ ಗೊತ್ತಾಗುತ್ತಿತ್ತು. ಎರಡಕ್ಕೂ ಕೈಬೆಣ್ಣೆಯೇ.

ಬೆಣ್ಣೆ ಬೇಡ ಎನ್ನುವವರು ಆಗ ಇರಲೇ ಇಲ್ಲ ಎಂದಲ್ಲ. ಬೇರೆ ಕಡೆಯಿಂದ ವರ್ಗವಾಗಿ ಬಂದ ಅಧಿಕಾರಿಯೊಬ್ಬರು ಒಮ್ಮೆ ಬೆಣ್ಣೆ ಹಾಕದ ದೋಸೆ ಕೊಡಿ ಎಂದರು. ಮುರಿಗೆಪ್ಪನವರು ಸೌಟು ಕೆಳಗಿಟ್ಟು, "ಬೆಣ್ಣೆ ಬ್ಯಾಡಂದ್ರೆ ಇಲ್ಲಿಗ್ಯಾಕ ಬಂದ್ರಿ? ಎದುರಿಗೆ ಮೆಡಿಕಲ್ ಶಾಪ್ ಐತೆ, ಅಲ್ಲಿ ಕೇಳ್ರಿ" ಎಂದುಬಿಟ್ಟರು. ಇಡೀ ಹೋಟೆಲು ನಕ್ಕಿತು. ನಾನೂ ನಕ್ಕೆ. ಆ ಮನುಷ್ಯ ಕಾಫಿ ಕುಡಿದು ಎದ್ದು ಹೋದರು. ಅವರ ಮೈಯಲ್ಲಿ ಏನಿತ್ತೋ, ಯಾರು ಏನು ಹೇಳಿದ್ದರೋ ನಾವು ಕೇಳಲಿಲ್ಲ. ಆ ದಿನ ನಕ್ಕಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಇನ್ನೊಂದು ಜಾತಿಯ ಗಿರಾಕಿಗಳಿದ್ದರು. ನಿಜಲಿಂಗಪ್ಪ ಬಡಾವಣೆಯಿಂದ ಬೆಳಿಗ್ಗೆ ವಾಕಿಂಗ್ ಬರುವ ಗುಂಪು. ಬಿಳಿ ಬೂಟು ಹಾಕಿ, ಕೈ ಬೀಸಿಕೊಂಡು ನಾಲ್ಕು ಸುತ್ತು ಹಾಕಿ, ಬೆವರು ಒರೆಸುತ್ತಾ ಬಂದು ಎರಡೆರಡು ಬೆಣ್ಣೆದೋಸೆ ತಿಂದು, ಕಾಫಿಗೆ ಮಾತ್ರ ಸಕ್ಕರೆ ಬೇಡ ಎನ್ನುತ್ತಿದ್ದರು. ಅವರಿಗೆ ನಾನು ಏನೂ ಹೇಳಲಿಲ್ಲ. ಅವರಿಗೆ ಮನೆಯಲ್ಲಿ ಮಾಡಿ ಹಾಕುವವರಿದ್ದರು, ನಮ್ಮಲ್ಲಿಗೆ ಬರುತ್ತಿದ್ದುದು ಖುಷಿಗೆ.

ಹನುಮಂತಪ್ಪ ಖುಷಿಗೆ ಬರುತ್ತಿದ್ದವನಲ್ಲ. ಅವನು ಹರಿಹರಕ್ಕೆ ಹೋಗುವ ಮೊದಲ ಬಸ್ಸಿನ ಡ್ರೈವರು. ಐದು ಮುಕ್ಕಾಲಿಗೆ ಗಾಡಿ ಬಿಡಬೇಕು, ಐದೂ ಕಾಲಿಗೆ ನಮ್ಮಲ್ಲಿ ದೋಸೆ. ಹೆಂಡತಿ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುವವಳು, ಮಕ್ಕಳು ಏಳುವುದರೊಳಗೆ ಉಪ್ಪಿಟ್ಟು ಆಗಬೇಕೆಂದು ಅವನಿಗಿಂತ ಮೊದಲೇ ಮನೆ ಬಿಡುತ್ತಿದ್ದಳು. ಹಾಗಾಗಿ ಅವನ ಬೆಳಗಿನ ತಿಂಡಿ ನಮ್ಮಲ್ಲಿ. ಹತ್ತು ಗಂಟೆಯದು ಹರಿಹರದಲ್ಲಿ, ಸೇತುವೆಗೆ ಹೋಗುವ ದಾರಿಯಲ್ಲಿದ್ದ ನಮ್ಮದೇ ಇನ್ನೊಂದು ಹೋಟೆಲಿನಲ್ಲಿ. ಆಳು ದಪ್ಪ. "ನನ್ ಹೊಟ್ಟೆಗೂ ಸ್ಟೇರಿಂಗ್‌ಗೂ ನಡುವೆ ಟಿಕೆಟ್ ತೂರಲ್ಲ ಅಕ್ಕ" ಎಂದು ತನ್ನನ್ನೇ ಗೇಲಿ ಮಾಡಿಕೊಳ್ಳುತ್ತಿದ್ದ. ನಾನು ನಿವೃತ್ತಿಯಾಗುವ ನಾಲ್ಕೈದು ವರ್ಷ ಮೊದಲಿನ ಒಂದು ಬೆಳಿಗ್ಗೆ ಅವನು ದೋಸೆ ಕೇಳದೆ ಕಾವಲಿಯ ಪಕ್ಕ ಬಂದು ನಿಂತ.

"ಡಾಕ್ಟ್ರು ಚೆಕಪ್ ಮಾಡಿದ್ರು ಅಕ್ಕ. ಸಕ್ಕರೆ ಐತಂತೆ, ಬಿಪಿ ಐತಂತೆ, ತೂಕಂತೂ ಕೇಳಬ್ಯಾಡ. ನಾಲ್ಕು ತಿಂಗಳ ಟೈಮ್ ಕೊಟ್ಟಾರೆ. ಇಳೀಲಿಲ್ಲಾಂದ್ರೆ ಗಾಡಿ ಕೊಡಲ್ಲ, ಡಿಪೋದಾಗ ಟೈರು ನೋಡ್ಕಂತ ಇರು ಅಂತಾರೆ."

"ಹೋಟ್ಲು ಬಿಡು ಅಂದಿರ್ಬೇಕಲ್ಲ?"

"ಅಂದ್ರು. ಹೋಟ್ಲು ಬಿಟ್ರೆ ಉಪವಾಸ, ಸ್ಟೇರಿಂಗ್ ಬಿಟ್ರೆ ನಾ ಬದುಕಾಂಗಿಲ್ಲ. ನೀನೇ ಏನಾರ ದಾರಿ ಮಾಡು."

ಡಾಕ್ಟರನ್ನು ಬಿಟ್ಟು ದೋಸೆ ಹುಯ್ಯುವವಳ ಹತ್ತಿರ ಬಂದು ದಾರಿ ಕೇಳಿದನಲ್ಲ ಎಂದು ನನಗೆ ಹೆಮ್ಮೆಯೂ ಆಯಿತು, ಹೆದರಿಕೆಯೂ ಆಯಿತು. ಆಗಲಿ ಎಂದೆ.

ಮಾಡಿದ್ದು ಒಂದೆರಡು ಎಡವಟ್ಟಲ್ಲ. ಬೆಣ್ಣೆಯಿಲ್ಲದೆ ಹುಯ್ದ ದೋಸೆ ಕಾವಲಿ ಬಿಟ್ಟು ಬರಲಿಲ್ಲ, ಕೆರೆದು ತೆಗೆಯಬೇಕಾಯಿತು. ಸೋಮಣ್ಣನವರ ಮಗ ಕಿರಣ ಆಗ ತಾನೇ ಹೋಟೆಲಿನ ಅರ್ಧ ಭಾಗದಲ್ಲಿ ಗೋಬಿ, ನೂಡಲ್ಸು, ಫ್ರೈಡ್ ರೈಸಿನ ಫಾಸ್ಟ್ ಫುಡ್ ಕೌಂಟರ್ ತೆರೆದಿದ್ದ. ಫೋನಿನಲ್ಲಿ ವಿಡಿಯೋ ತೋರಿಸಿ ಓಟ್ಸ್ ದೋಸೆ ಮಾಡಿಸಿದ. ಅದು ದೋಸೆಯಾಗದೆ ಗೋಂದಾಯಿತು, ಅದರಲ್ಲಿ ಗೋಡೆಗೆ ಪೋಸ್ಟರ್ ಹಚ್ಚಬಹುದಿತ್ತು. ಕೊನೆಗೆ ನನ್ನ ಅವ್ವ ಹದಡಿಯಲ್ಲಿ ಮಾಡುತ್ತಿದ್ದುದು ನೆನಪಾಯಿತು. ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಒಮ್ಮೆ ಮುಟ್ಟಿಸಿ ಕಾವಲಿಗೆ ತಿಕ್ಕಿದರೆ ದೋಸೆ ತಾನಾಗಿ ಏಳುತ್ತದೆ. ಹಿಟ್ಟಿಗೆ ಮೊಳಕೆ ಬಂದ ಹೆಸರುಕಾಳು ರುಬ್ಬಿ ಹಾಕಿದೆ. ಆಲೂಗಡ್ಡೆ ಪಲ್ಯದ ಬದಲು ಸಬ್ಬಸಿಗೆ ಸೊಪ್ಪಿನ ಪಲ್ಯ, ಚಟ್ನಿಗೆ ಕಾಯಿ ಅರ್ಧ, ಹುರಿಗಡಲೆ ಅರ್ಧ.

ಇಷ್ಟಾದರೆ ಸಾಲದು. ನಮ್ಮೂರಿನವರಿಗೆ ಮಂಡಕ್ಕಿ ಮೆಣಸಿನಕಾಯಿ ಇಲ್ಲದಿದ್ದರೆ ತಿಂದ ಹಾಗೇ ಅಲ್ಲ. ಹಸಿಮೆಣಸಿನಕಾಯಿಯನ್ನು ಹಿಟ್ಟಿನಲ್ಲಿ ಅದ್ದಿ ಕರಿಯುವ ಬದಲು ಸೀಳಿ, ಒಳಗೆ ಜೀರಿಗೆ ಉಪ್ಪು ತುಂಬಿ, ಕಾವಲಿಯ ಅಂಚಿನಲ್ಲಿ ಸುಟ್ಟೆ. ಮಂಡಕ್ಕಿಗೆ ಒಗ್ಗರಣೆ ಬಿಟ್ಟು ಸೌತೆಕಾಯಿ, ಟೊಮ್ಯಾಟೊ, ಈರುಳ್ಳಿ, ಹುರಿಗಡಲೆ ಪುಡಿ, ನಿಂಬೆಹಣ್ಣು ಹಾಕಿ ಕಲಸಿದೆ. ಹನುಮಂತಪ್ಪ ಮೊದಲ ದಿನ ಮೆಣಸಿನಕಾಯಿ ಕಚ್ಚಿ, ಕಣ್ಣಲ್ಲಿ ನೀರು ತಂದುಕೊಂಡು, "ಇದು ಡಯಟ್ ಅಲ್ಲ ಅಕ್ಕ, ಶಿಕ್ಷೆ" ಎಂದ. ಆದರೆ ಎರಡನೆಯದನ್ನು ಕೇಳಿ ಹಾಕಿಸಿಕೊಂಡ.

ಗೋಡೆಯ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಿಂದ "ಹಗುರ ತಟ್ಟೆ" ಎಂದು ಬರೆದೆ. ಕೆಳಗೆ "ಬೆಣ್ಣೆ ಇಲ್ಲ" ಎಂದೂ ಬರೆದೆ. ಮೊದಮೊದಲು ಜನ ನಕ್ಕರು. ರತ್ನಕ್ಕನ ಆಸ್ಪತ್ರೆ ಊಟ ಎಂದರು. ಆಮೇಲೆ ಬ್ಯಾಂಕಿನ ಬಸುರಿ ಹೆಣ್ಣುಮಗಳೊಬ್ಬಳು ಕೇಳಿದಳು, ಹರಿಹರದ ಕಾರ್ಖಾನೆಗೆ ಹೋಗುವವರು ಕೇಳಿದರು, ಆಟೋದವರು ಕೇಳಿದರು. ಹರಿಹರದ ಹೋಟೆಲಿನಲ್ಲಿ ದೋಸೆ ಹುಯ್ಯುವ ತಿಪ್ಪೇಶನಿಗೂ ನಾನೇ ಹೋಗಿ ಕಲಿಸಿ ಬಂದೆ.

ಇದು ನಡೆಯುವುದನ್ನು ನೋಡಿ ಕಿರಣನಿಗೂ ಆಸೆ ಹುಟ್ಟಿತು. ತನ್ನ ಕೌಂಟರಿನ ಮೇಲೆ ದೀಪ ಹೊತ್ತುವ ಹಸಿರು ಬೋರ್ಡ್ ಹಾಕಿಸಿ "ಡಯಟ್ ಕಾರ್ನರ್" ಎಂದು ಬರೆಸಿದ. ಕಂದು ಬಣ್ಣದ ಬ್ರೆಡ್ಡಿನ ನಡುವೆ ತುರಿದ ಕ್ಯಾರೆಟ್ಟು, ಕೋಸು, ಅದರ ತುಂಬ ಬಿಳಿಯ ಪೇಸ್ಟು. ಎರಡೂ ಕಡೆ ಬೆಣ್ಣೆ ಸವರಿ ಕಾಯಿಸುತ್ತಿದ್ದ.

"ಈ ಬಿಳೀದು ಏನಪ್ಪಾ?" ಎಂದು ಕೇಳಿದೆ.

"ಮಯೋನೀಸ್ ಅಕ್ಕ."

"ಯಾತರಾಗ ಮಾಡ್ತಾರೆ?"

"ಎಣ್ಣೆದಾಗೇ ಮಾಡ್ತಾರೆ. ಆದ್ರೆ ಒಳಗೆ ತರಕಾರಿ ಐತಲ್ಲ!"

ನಾನು ದೊಡ್ಡ ಗಂಟಲಲ್ಲಿ ಬೈದೆ. ಬೋರ್ಡಿನ ಮೇಲೆ ಒಂದು ಬರೆದು ತಟ್ಟೆಯಲ್ಲಿ ಇನ್ನೊಂದು ಕೊಡುವುದು ಮೋಸ, ನನ್ನ ಕಪ್ಪು ಹಲಗೆ ನೋಡಿ ಕಲಿ ಎಂದೆ. ಎಲ್ಲರೆದುರೇ ಹೇಳಿದೆ. ಅಷ್ಟು ಜಂಬ ನನಗೆ.

ನಾಲ್ಕು ತಿಂಗಳು ಕಳೆದವು. ಒಂದು ದಿನ ಹನುಮಂತಪ್ಪ ಐದೂ ಕಾಲಿಗೆ ಬರಲಿಲ್ಲ. ಹನ್ನೊಂದಕ್ಕೆ ಬಂದ. ಖಾಕಿ ಇರಲಿಲ್ಲ, ಚೌಕಳಿ ಅಂಗಿ ತೊಟ್ಟಿದ್ದ. ಅಷ್ಟು ವರ್ಷದಲ್ಲಿ ಅವನನ್ನು ಬೇರೆ ಅಂಗಿಯಲ್ಲಿ ನೋಡಿದ್ದು ಅದೇ ಮೊದಲು.

"ಕೂಡ್ರಪ್ಪಾ, ಏನಾತು?" ಎಂದೆ.

"ಏನೂ ಇಳಿದಿಲ್ಲಂತೆ ಅಕ್ಕ. ನಾಳಿಂದ ಡಿಪೋ. ಮೂರು ತಿಂಗಳಾದ್ಮ್ಯಾಲೆ ಕಡೇ ಚೆಕಪ್ಪು, ಅದ್ರಾಗೂ ಆಗ್ಲಿಲ್ಲಾಂದ್ರೆ ಮುಗೀತು." ಮೇಜು ಒರೆಸಿದ ಬಟ್ಟೆಯ ಗುರುತನ್ನೇ ನೋಡಿದ. "ಅದು ಹೋಗ್ಲಿ. ನಾ ಸುಳ್ಳು ಹೇಳ್ತೀನಿ ಅಂದ್ರು ಡಾಕ್ಟ್ರು. ಕದ್ದು ತಿಂತೀಯ ಅಂತ ಹೆಂಡ್ತೀನೂ ಅಂದ್ಲು. ನಾ ಕದ್ದು ತಿಂದಿಲ್ಲ ಅಕ್ಕ. ತಿಂದಿದ್ದೆಲ್ಲಾ ನಿನ್ ಮುಂದೇ ತಿಂದೀನಿ. ನೀನಾದ್ರೂ ನಂಬ್ತೀಯಲ್ಲ?"

ನಂಬುತ್ತೇನೆ ಎಂದೆ. ಹಾಗೆ ಹೇಳುತ್ತಲೇ ಅವನ ಮುಂದೆ ತಟ್ಟೆ ಇಟ್ಟೆ. ಇಟ್ಟ ಮೇಲೆ ನನ್ನ ಬಲಗೈ ನೋಡಿಕೊಂಡೆ. ಮೂರು ಬೆರಳಿನ ತುದಿಯಲ್ಲಿ ಬೆಣ್ಣೆ ಮೆತ್ತಿತ್ತು.

ಇದನ್ನು ನಂಬುವುದು ಕಷ್ಟ, ಆದರೆ ನಡೆದದ್ದು ಹೀಗೆಯೇ. ನಾಲ್ಕು ತಿಂಗಳು ನಾನು ಅವನ ಹಗುರ ತಟ್ಟೆಯ ಸೊಪ್ಪಿನ ಪಲ್ಯದ ಅಡಿಗೆ ಕೈಬೆಣ್ಣೆ ಇಡುತ್ತಾ ಬಂದಿದ್ದೆ. ದಿನವೂ ಅಲ್ಲ, ಅವನ ಮುಖ ಬಾಡಿದ ದಿನ. ಕತ್ತಲಲ್ಲೇ ಎದ್ದು ಬರುವವನ ಮುಖ ಬಾಡದ ದಿನ ಯಾವುದಿತ್ತು? ನಾನು ಬೇಕೆಂದು ಮಾಡಲಿಲ್ಲ, ಕೈ ಮಾಡಿತು ಎಂದು ಹೇಳಬಹುದು. ಹೇಳುವುದಿಲ್ಲ. ಕೈ ನನ್ನದೇ. ಆ ಬೆಣ್ಣೆ ಕರಗಿದಾಗ ಅವನು ತಲೆ ಎತ್ತಿ ನೋಡುವುದು ನನಗೆ ಬೇಕಾಗಿತ್ತು.

ತಟ್ಟೆಯನ್ನು ಹಿಂದಕ್ಕೆ ತೆಗೆದುಕೊಂಡೆ. ಇದು ಆರಿದೆ, ಬೇರೆ ಕೊಡುತ್ತೇನೆ ಎಂದು ಸುಳ್ಳು ಹೇಳಿ ಇನ್ನೊಂದು ದೋಸೆ ಕೊಟ್ಟೆ. ಅವನಿಗೆ ಆಗಲೇ ಹೇಳಲು ಬಾಯಿ ಬರಲಿಲ್ಲ. ಅವನು ಹೋದ ಮೇಲೆ ಹರಿಹರದ ಬಸ್ಸು ಹತ್ತಿ ತಿಪ್ಪೇಶನ ಮುಂದೆ ಹೋಗಿ ನಿಂತೆ.

"ಹನುಮಂತಪ್ಪಗೆ ನೀ ಏನ್ ಕೊಡ್ತಿದ್ದೆ ತಿಪ್ಪೇಶಿ?"

"ಹಗುರ ತಟ್ಟೇನೇ ಅಕ್ಕ."

"ಅದ್ರ ಮ್ಯಾಲೆ?"

ಅವನು ನಾಚಿಕೊಂಡ. "ಒಣಾ ಒಣಾ ತಿಂತಾನಲ್ಲ ಪಾಪ, ಅಂತ ಒಂದು ಕೈಬೆಣ್ಣೆ. ನೀವೇನ್ ಬೈಬ್ಯಾಡ್ರಿ, ನನ್ ಕೈಯಿಂದ ಹಾಕಿದ್ದು."

ಪಕ್ಕದಲ್ಲೇ ಚಹಾ ಸೋಸುತ್ತಿದ್ದವನು ಮಾತು ಸೇರಿಸಿದ. ಡ್ರೈವರಣ್ಣ ಸಕ್ಕರೆ ಬೇಡ ಎಂದಿದ್ದರೂ ಸಪ್ಪೆ ಚಹಾ ಕುಡಿಸುವುದು ಹೇಗೆಂದು ಅವನು ಒಂದು ಚಮಚ ಹಾಕುತ್ತಿದ್ದನಂತೆ. ನನಗೆ ಅಲ್ಲೇ ನಗು ಬಂತು, ನಗುತ್ತಾ ನಗುತ್ತಾ ಅಳು ಬಂತು. ದಾವಣಗೆರೆಯಲ್ಲಿ ನಾನು, ಹರಿಹರದಲ್ಲಿ ಇವರಿಬ್ಬರು, ಎಲ್ಲರೂ ಸೇರಿ ಪ್ರೀತಿಯಿಂದಲೇ ಅವನನ್ನು ಡಿಪೋಗೆ ಕಳಿಸಿದ್ದೆವು. ಅವನಿಗೆ ಸುಳ್ಳುಗಾರ ಎಂಬ ಹೆಸರನ್ನೂ ತಂದಿದ್ದೆವು.

ಮರುದಿನ ಹನುಮಂತಪ್ಪನನ್ನೂ ಅವನ ಹೆಂಡತಿಯನ್ನೂ ಕರೆದುಕೊಂಡು ಡಾಕ್ಟರ ಹತ್ತಿರ ಹೋದೆ. ಯಾಕೆಂದು ಇಬ್ಬರಿಗೂ ಹೇಳಿರಲಿಲ್ಲ. ಚಿಕ್ಕ ವಯಸ್ಸಿನ ಡಾಕ್ಟರಮ್ಮ. ನಾನು ಕುಳಿತುಕೊಳ್ಳದೆ ನಿಂತೇ ಹೇಳಿದೆ:

"ಇವ್ನು ಸುಳ್ಳು ಹೇಳಿಲ್ರಿ. ಬೆಣ್ಣೆ ಹಾಕಿದ್ದು ನಾನು. ಇವ್ನಿಗೆ ಗೊತ್ತಿಲ್ದಂಗೆ ಪಲ್ಯದ ಕೆಳಗಿಟ್ಟು ಕೊಟ್ಟೀನಿ. ಬೈಯಾದಿದ್ರೆ ನನಗೆ ಬೈರಿ."

ಹನುಮಂತಪ್ಪ ನನ್ನನ್ನೇ ನೋಡುತ್ತಾ, "ನೀನಾ ಅಕ್ಕ?" ಎಂದ. "ಕರಗಿ ಬರ್ತಿತ್ತು. ಸೊಪ್ಪಿನದ್ದೇ ಇರ್ಬೇಕು ಅಂದ್ಕಂಡಿದ್ದೆ. ಹಲಗೆ ಮ್ಯಾಲೆ ನೀನೇ ಬೆಣ್ಣೆ ಇಲ್ಲ ಅಂತ ಬರೆದಿದ್ಯಲ್ಲ" ಎಂದ. ಅವನು ಬೈದಿದ್ದರೆ ಚೆನ್ನಾಗಿತ್ತು. ಅವನ ಹೆಂಡತಿ ನನ್ನ ಮುಖ ನೋಡಲಿಲ್ಲ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಗಂಡನ ತೋಳು ಹಿಡಿದುಕೊಂಡಳು.

"ಅದಕ್ಕೇ ಹೋಟೆಲ್ ಬಿಡಿ ಅಂದಿದ್ದು ನಾನು" ಎಂದರು ಡಾಕ್ಟರು.

ಅಲ್ಲಿಯವರೆಗೆ ತಗ್ಗಿದ್ದ ತಲೆ ಆ ಮಾತಿಗೆ ಎದ್ದಿತು. ತಪ್ಪು ನನ್ನದು, ಒಪ್ಪಿಕೊಂಡೆ. ಆದರೆ ಆ ಮಾತನ್ನು ಒಪ್ಪುವುದಿಲ್ಲ. "ಬಿಡಾಕ ಆಗಲ್ರಿ. ಇವ್ನ ಹೆಂಡ್ತಿ ಹಾಸ್ಟೆಲ್ ಮಕ್ಳಿಗೆ ಬೇಯ್ಸಿ ಹಾಕ್ತಾಳೆ, ಇವ್ನು ಊರ ಜನಾನ ಹರಿಹರಕ್ಕೆ ಮುಟ್ಟಿಸ್ತಾನೆ. ಇವ್ರಿಗೆ ಯಾರು ಬೇಯ್ಸಿ ಹಾಕ್ಬೇಕು? ನಾವೇ ಹಾಕ್ಬೇಕು. ಹೋಟ್ಲು ಬಿಡು ಅನ್ನಬ್ಯಾಡ್ರಿ. ಹೋಟ್ಲಾಗೆ ಏನ್ ಕೊಡಬೇಕು ಹೇಳ್ರಿ, ನಮ್ ಹತ್ರ ಇರೋ ಸಾಮಾನಿನಾಗೇ ಹೇಳ್ರಿ. ಕೊಡ್ತೀನಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಸರಿ. ನಿಮ್ಮ ಒಂದು ದೋಸೆಗೆ ಎಷ್ಟು ಬೆಣ್ಣೆ ಬೀಳುತ್ತೆ?" ಎಂದು ಕೇಳಿದರು.

ಇಷ್ಟು ವರ್ಷ ಬೆಣ್ಣೆ ಹಾಕಿದವಳಿಗೆ ಎಷ್ಟು ಹಾಕಿದೆ ಎಂದು ಗೊತ್ತಿರಲಿಲ್ಲ. ಮೂರು ಬೆರಳು ಜೋಡಿಸಿ ತೋರಿಸಿದೆ. ಅವರು ನಗಲಿಲ್ಲ. ನಾವು ಏನೇನು ಹಾಕುತ್ತೇವೆ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಹೆಸರುಕಾಳು ಇರಲಿ, ಸೊಪ್ಪು ಹೆಚ್ಚಿಸಿ, ಮಂಡಕ್ಕಿ ಒಂದು ಹಿಡಿ ಸಾಕು, ಸೌತೆಕಾಯಿ ಎಷ್ಟಾದರೂ ಹಾಕಿ ಎಂದರು. ಪೂರ್ತಿ ಬೆಣ್ಣೆ ನಿಲ್ಲಿಸಿದರೆ ನಿಮ್ಮೂರಿನವರು ನಾಲ್ಕು ದಿನಕ್ಕೆ ಬಿಟ್ಟುಬಿಡುತ್ತಾರೆ ಎಂದು ಮೇಜಿನ ಖಾನೆಯಿಂದ ಒಂದು ಸಣ್ಣ ಸ್ಟೀಲಿನ ಚಮಚ ತೆಗೆದುಕೊಟ್ಟರು. "ಇದರಲ್ಲಿ ಒಂದು. ಗುಡ್ಡೆ ಅಲ್ಲ, ಮಟ್ಟ ಮಾಡಿ."

ಆ ಚಮಚಕ್ಕೆ ತೂತು ಕೊರೆಸಿ ದಾರ ಕಟ್ಟಿ ಕಾವಲಿಯ ಪಕ್ಕದ ಮೊಳೆಗೆ ನೇತುಹಾಕಿದೆ. ಹಲಗೆಯ ಮೇಲೆ "ಬೆಣ್ಣೆ ಇಲ್ಲ" ಎಂಬುದನ್ನು ಅಳಿಸಿ "ಬೆಣ್ಣೆ ಒಂದು ಚಮಚ, ಮಟ್ಟ" ಎಂದು ಬರೆದೆ. ತಿಪ್ಪೇಶನಿಗೂ ಅಂಥದ್ದೇ ಚಮಚ ಕೊಂಡುಹೋಗಿ ಕೊಟ್ಟೆ. ಇನ್ನು ಮೇಲೆ ಕೇಳದವರ ತಟ್ಟೆಗೆ ಕೈಬೆಣ್ಣೆ ಬೀಳುವುದಿಲ್ಲ, ಬೇಕಾದವರು ಬಾಯಿಬಿಟ್ಟು ಕೇಳಲಿ ಎಂದು ಎಲ್ಲರಿಗೂ ಹೇಳಿದೆ. ಹಳೆಯ ಗಿರಾಕಿಗಳು ಮುನಿಸಿಕೊಂಡರು. ಜವಳಿ ಅಂಗಡಿಯ ಹಿರಿಯರೊಬ್ಬರು ಪಲ್ಯ ಮುರಿದು ನೋಡಿ, "ನಾ ಏನ್ ತಪ್ಪು ಮಾಡಿದೆ ರತ್ನಮ್ಮ?" ಎಂದು ಕೇಳಿದಾಗ ಎದೆ ಚುರ್ ಎಂದಿತು. ಆದರೂ ಬೆಣ್ಣೆಯ ಪಾತ್ರೆಗೆ ಕೈ ಹಾಕಲಿಲ್ಲ.

ಕಿರಣ ಮಾತ್ರ ನಕ್ಕ. "ನನಗೆ ಮೋಸ ಅಂತ ಬೈದ್ರಿ. ನಿಮ್ದೇನಾತು ಅಕ್ಕ?" ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನನ್ನದೂ ಮೋಸವೇ, ನಾನು ತಿದ್ದಿಕೊಂಡೆ, ಈಗ ನೀನು ಆ ಹಸಿರು ಬೋರ್ಡ್ ಇಳಿಸು ಎಂದೆ. "ಯಾರು ಅಳೀತಾರೆ ಬಿಡ್ರಿ" ಎಂದ.

"ನಾ ಅಳೀತೀನಿ" ಎಂದು ಸೌಟು ಕೆಳಗಿಟ್ಟೆ. ಶನಿವಾರದ ಬೆಳಿಗ್ಗೆ, ಹೋಟೆಲು ತುಂಬಿತ್ತು. ಗಲ್ಲಾದಲ್ಲಿದ್ದ ಸೋಮಣ್ಣನವರು ಎದ್ದು ಬಂದರು. ನಾನು ಮೇಜಿನ ಮೇಲೆ ಎರಡು ಹಾಳೆ ಪೇಪರು ಹಾಸಿದೆ. ಒಂದರ ಮೇಲೆ ಕಿರಣನ ಡಯಟ್ ಸ್ಯಾಂಡ್‌ವಿಚ್, ಇನ್ನೊಂದರ ಮೇಲೆ ನನ್ನ ಹಗುರ ತಟ್ಟೆಯ ದೋಸೆ. ಎರಡನ್ನೂ ಅಂಗೈಯಿಂದ ಒತ್ತಿದೆ. ನನ್ನದೂ ಜಿಡ್ಡಿನ ಗುರುತು ಬಿಟ್ಟಿತು, ಒಂದು ವೀಳ್ಯದೆಲೆಯಷ್ಟು. ಕಿರಣನದ್ದು ಪೇಪರು ದಾಟಿ ಕೆಳಗಿನ ಮೇಜಿಗೆ ಇಳಿದಿತ್ತು.

"ನೋಡ್ರಿ ಯಜಮಾನ್ರೇ. ಬೆಣ್ಣೆದೋಸೆ ಮಾರಾಕ ನನಗೇನು ನಾಚಿಕೆ ಇಲ್ಲ. ಬೆಣ್ಣೆದೋಸೆ ಅಂತ ಹೇಳಿ ಮಾರ್ತೀನಿ. ಡಯಟ್ ಅಂತ ಹೇಳಿ ಎಣ್ಣೆ ಕುಡಿಸೋ ಕಡೆ ನಾ ನಿಲ್ಲಲ್ಲ. ಒಂದೋ ಆ ಬೋರ್ಡ್ ಇಳೀಬೇಕು, ಇಲ್ಲಾ ನಾ ಇಳೀತೀನಿ."

ಸೋಮಣ್ಣನವರು ಮಾತು ಕಡಿಮೆಯ ಮನುಷ್ಯ. ಪೇಪರನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಮಗನ ಕೈಗೆ ಕೊಟ್ಟರು. ತಾವೇ ಸ್ಟೂಲು ಎಳೆದುಕೊಂಡು ಹತ್ತಿ ಬೋರ್ಡಿನ ವೈರು ಬಿಚ್ಚಿದರು. ಕಿರಣ ಒಂದು ವಾರ ನನ್ನೊಡನೆ ಮಾತಾಡಲಿಲ್ಲ. ಆಮೇಲೆ ತಾನಾಗಿ ಬಂದು, ಬಿಳಿ ಪೇಸ್ಟಿನ ಬದಲು ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಗಟ್ಟಿ ಮೊಸರು ಹಾಕಿದರೆ ಹೇಗೆ ಎಂದು ಕೇಳಿದ. ಹಾಕಿ ನೋಡಿದೆವು. ಅದು ಈಗಲೂ ಅಲ್ಲಿ ಸಿಗುತ್ತದೆ, ಬರೀ ಮೊಸರಿನ ಸ್ಯಾಂಡ್‌ವಿಚ್ ಎಂಬ ಹೆಸರಿನಲ್ಲಿ.

ಹನುಮಂತಪ್ಪ ಮತ್ತೆ ನಮ್ಮಲ್ಲಿಗೆ ಬರುತ್ತಾನೆಂದು ನಾನು ಅಂದುಕೊಂಡಿರಲಿಲ್ಲ. ಡಾಕ್ಟರ ಹತ್ತಿರ ಹೋಗಿ ಬಂದ ಮೂರನೆಯ ದಿನ ಬಂದ, ಡಿಪೋಗೆ ನಡೆದುಕೊಂಡೇ ಹೊರಟಿದ್ದ. ತಟ್ಟೆ ಇಟ್ಟಾಗ ಪಲ್ಯವನ್ನು ಬೆರಳಿನಿಂದ ಸರಿಸಿ ಅಡಿಯಲ್ಲಿ ನೋಡಿದ. ಹಾಗೆ ನೋಡುವುದನ್ನು ಅವನು ಒಂದು ತಿಂಗಳು ಬಿಡಲಿಲ್ಲ. ನನಗೆ ಅವಮಾನವಾಗುತ್ತಿತ್ತು, ಆದರೆ ನೋಡಲಿ ಎಂದುಕೊಂಡೆ. ಒಂದು ದಿನ ನೋಡದೆ ತಿಂದ. ಅವತ್ತು ನಾನು ಹಿಂದೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಕಡೆಯ ಚೆಕಪ್ಪಿನಲ್ಲಿ ಪಾಸಾದ. ನನ್ನ ತಟ್ಟೆಯಿಂದಲೇ ಆಯಿತು ಎಂದು ಕೊಚ್ಚಿಕೊಳ್ಳುವುದಿಲ್ಲ, ಮಾತ್ರೆಯೂ ಇತ್ತು, ದಿನವೂ ಡಿಪೋಗೆ ನಡೆದದ್ದೂ ಇತ್ತು. ಒಂದು ವರ್ಷಕ್ಕೆ ಗಾಡಿ ಕೊಟ್ಟರು, ಆಮೇಲೆ ಪ್ರತಿ ವರ್ಷವೂ ನೋಡಿ ನೋಡಿ ಕೊಟ್ಟರು. ಡಾಕ್ಟರಮ್ಮ ಒಂದು ದಿನ ತಾವೇ ಬಂದು ಹಗುರ ತಟ್ಟೆ ತಿಂದು ಹೋದರು. ಮೆಣಸಿನಕಾಯಿ ಕಚ್ಚಿ ಅವರ ಕಣ್ಣಲ್ಲೂ ನೀರು ಬಂತು.

ಹೊಸದಾಗಿ ಕಾವಲಿ ಮುಂದೆ ನಿಲ್ಲುವವರಿಗೆ ನಾನು ಹೇಳುವುದು ಇಷ್ಟೇ. ನಿಮ್ಮನ್ನು ಜನರ ಆರೋಗ್ಯದ ವೈರಿಗಳು ಎನ್ನುವವರಿಗೆ ತಲೆಬಾಗಬೇಡಿ. ಊರು ಎದ್ದೇಳುವ ಮೊದಲೇ ಕೆಲಸಕ್ಕೆ ಹೋಗುವವರ ಅಡುಗೆಮನೆ ನೀವೇ. ಆದರೆ ನಿಮ್ಮ ಪ್ರೀತಿಯನ್ನು ಅವರ ತಟ್ಟೆಯಲ್ಲಿ ಬಚ್ಚಿಡಬೇಡಿ. ಏನು ಬರೆದಿದ್ದೀರೋ ಅದನ್ನೇ ಕೊಡಿ.

ನನ್ನ ಕೆಲಸದ ಕೊನೆಯ ದಿನವೂ ಐದೂ ಕಾಲಿಗೆ ಹನುಮಂತಪ್ಪ ಬಂದ. ಇಸ್ತ್ರಿ ಮಾಡಿದ ಖಾಕಿ, ಕೈಯಲ್ಲಿ ಒಂದು ಮೊಳ ಮಲ್ಲಿಗೆ. ಹೂವನ್ನು ಕಾವಲಿಯ ಕಟ್ಟೆಯ ಮೇಲಿಟ್ಟು ಹೇಳಿದ:

"ಇವತ್ತೊಂದಿನ ಕೈಬೆಣ್ಣೆ ಹಾಕಕ್ಕ. ನಾನೇ ಬಾಯಿಬಿಟ್ಟು ಕೇಳ್ತಿದೀನಿ. ನಾಳೆ ನೀನಿರಲ್ಲ."

ಕೇಳಿದವರಿಗೆ ಕೊಡುತ್ತೇನೆ ಎಂದು ನಾನೇ ಮಾಡಿದ ನಿಯಮ. ಬೆಣ್ಣೆ ನೀರಿನಲ್ಲಿ ತೇಲುತ್ತಿತ್ತು. ಮೂರು ಬೆರಳು ತಾವಾಗಿ ಕೂಡಿಕೊಂಡವು. ಅವನ ಮುಖ ನೋಡಿದೆ. ಮೊದಲಿನಷ್ಟು ಅಗಲವಿಲ್ಲದ, ಕೆನ್ನೆಯ ಮೂಳೆ ಕಾಣುವ ಮುಖ. ಮೊಳೆಯಿಂದ ಚಮಚ ತೆಗೆದೆ, ತುಂಬಿದೆ, ಚಾಕುವಿನ ಬೆನ್ನಿನಿಂದ ಮಟ್ಟ ಮಾಡಿದೆ.

"ಇಲ್ಲಪ್ಪ. ನಿನಗೆ ಇಷ್ಟೇ" ಎಂದೆ.

ಅವನು ಚಮಚವನ್ನು ನೋಡಿದ, ನನ್ನನ್ನು ನೋಡಿದ. ಕುಳಿತು ಪ್ರತಿ ತುತ್ತೂ ತಿಂದ. ತಟ್ಟೆಯನ್ನು ತಾನೇ ತೊಳೆಯುವ ಕಡೆ ಇಟ್ಟು, ಕೈ ಒರೆಸಿಕೊಂಡು ಹೊರಗೆ ಹೋಗಿ ಬಸ್ಸು ಹತ್ತಿದ. ನಾನು ಕಾವಲಿ ಬಿಟ್ಟು ಬಾಗಿಲಿಗೆ ಬಂದೆ. ಐದು ಮುಕ್ಕಾಲಿನ ಹರಿಹರದ ಬಸ್ಸು ಐದು ಮುಕ್ಕಾಲಿಗೇ ಹೊರಟಿತು. ಸ್ಟೇರಿಂಗಿಗೂ ಅವನ ಹೊಟ್ಟೆಗೂ ನಡುವೆ ಒಂದು ಗೇಣು ಜಾಗವಿತ್ತು.